ಮಲೇಷ್ಯಾ ಅಜ್ಜಿಯ ಮದ್ದು ಮತ್ತು ನನ್ನ ಚೊಗರಿನ ಬಾಟಲಿ

ಕೆಮ್ಮು ಒಂದು ಕಾಯಿಲೆಯೇ ಅಲ್ಲ ಎಂಬುದು ಮೊನ್ನೆ ಮೊನ್ನೆಯವರೆಗೆ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಜ್ವರ ಬಂದರೆ ಮಲಗಬಹುದು. ಸೊಂಟ ಹಿಡಿದರೆ ನಾಲ್ಕು ಜನರ ಸಹಾನುಭೂತಿ ಗಳಿಸಬಹುದು. ಕೆಮ್ಮಿಗೆ ಅಂಥ ಯಾವ ಗೌರವವೂ ಇಲ್ಲ. ಬರುತ್ತದೆ, ಹೋಗುತ್ತದೆ. ಹೊಸನಗರ ಪೇಟೆಯಲ್ಲಿ ಮೂವತ್ತು ವರ್ಷದಿಂದ ಹೊಲಿಗೆ ಮಿಷನ್ ತುಳಿಯುತ್ತಿರುವ ನಾನು, ಬಟ್ಟೆಯ ಧೂಳು ಕುಡಿದೇ ಸಂಸಾರ ನಡೆಸಿದವನು, ಒಂದು ಕೆಮ್ಮಿಗೆ ಹೆದರುವುದುಂಟೇ!

ಹೆದರಬೇಕಾಗಿತ್ತು.

ಸಂಗತಿ ಏನೆಂದರೆ, ನನ್ನ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿಗೆ ಪೂರ್ತಿ, ಎಡಗಣ್ಣಿಗೆ ಅರ್ಧ. ಎದುರಿಗೆ ನಿಂತವರು ಮಾತಾಡಿದ ಮೇಲೆಯೇ ಯಾರೆಂದು ತಿಳಿಯುತ್ತಿತ್ತು. ಸೂಜಿಗೆ ದಾರ ಪೋಣಿಸುವ ಕೆಲಸವನ್ನು ಹೆಂಡತಿ ಗಿರಿಜೆಗೆ ವಹಿಸಿ ಎರಡು ವರ್ಷವಾಗಿತ್ತು. ಆದರೂ ಹೊಲಿಗೆಯ ಬಗ್ಗೆ ನನಗೆ ಎಳ್ಳಷ್ಟೂ ಅಧೈರ್ಯವಿರಲಿಲ್ಲ. "ಟೈಲರನ ಕಣ್ಣು ಇರೋದು ಬೆರಳ ತುದಿಯಲ್ಲಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಯಾರೂ ಎದುರು ಮಾತಾಡುತ್ತಿರಲಿಲ್ಲ. ಒಪ್ಪಿದ್ದಾರೆ ಎಂದೇ ತಿಳಿದಿದ್ದೆ.

ಗಿರಿಜೆ ಮಾತ್ರ ಬಿಡಲಿಲ್ಲ. "ಜೂನ್ ಬಂದ್ರೆ ಶಾಲೆ ಮಕ್ಕಳ ಯೂನಿಫಾರಂ ಬರ್ತದೆ. ನೂರಾರು ಅಂಗಿ ಬೆರಳಲ್ಲೇ ನೋಡ್ಕಂಡು ಹೊಲಿತೀರಾ? ಅಷ್ಟರೊಳಗೆ ಆಪರೇಷನ್ ಆಗ್ಲೇಬೇಕು" ಎಂದು ಹಟ ಹಿಡಿದಳು. ನಮ್ಮ ಅರ್ಧ ವರ್ಷದ ಅನ್ನ ಆ ಯೂನಿಫಾರಂನಲ್ಲೇ ಇರುವುದು. ಒಪ್ಪಿದೆ.

ತೀರ್ಥಹಳ್ಳಿಯ ಒಂದು ಕಣ್ಣಿನ ಆಸ್ಪತ್ರೆಗೆ ಹದಿನೈದು ದಿನಕ್ಕೊಮ್ಮೆ ದೊಡ್ಡ ಊರಿನಿಂದ ಡಾಕ್ಟರು ಬಂದು ಆಪರೇಷನ್ ಮಾಡುತ್ತಿದ್ದರು. ಹೋದೆ. ಹಸಿರು ಗೌನು ತೊಡಿಸಿದರು. ಅದರ ಹೊಲಿಗೆ ಸರಿಯಿಲ್ಲವೆಂದು ನರ್ಸಮ್ಮನಿಗೆ ತಿಳಿಸಿದೆ. ಅವರು ನನ್ನನ್ನು ಮಲಗಿಸಿ ಮುಖಕ್ಕೆ ಬಟ್ಟೆ ಹೊದಿಸಿ ಒಂದು ಕಣ್ಣಷ್ಟೇ ತೆರೆದಿಟ್ಟರು. "ಅಲುಗಾಡಬೇಡಿ ಯಜಮಾನ್ರೇ, ಹತ್ತು ಹದಿನೈದು ನಿಮಿಷದ ಕೆಲಸ" ಎಂದರು ಡಾಕ್ಟರು.

ಸರಿಯಾಗಿ ಆ ಕ್ಷಣಕ್ಕೆ ಗಂಟಲಿನಲ್ಲಿ ಏನೋ ಹರಿದಾಡಿತು. ತಡೆದೆ. ಮತ್ತೆ ಹರಿದಾಡಿತು. ಮತ್ತೆ ತಡೆದೆ. ಮೂರನೆಯ ಬಾರಿ ಅದು ನನ್ನ ಅನುಮತಿಗೆ ಕಾಯಲಿಲ್ಲ.

ಡಾಕ್ಟರು ಕೈ ಹಿಂದಕ್ಕೆಳೆದುಕೊಂಡರು. "ಎಷ್ಟು ಸಲ ಬರುತ್ತೆ ಈ ಕೆಮ್ಮು?"

"ಆಗೀಗ ಸಾರ್. ಗಂಟೆಗೆ ಒಂದಿಪ್ಪತ್ತು ಸಲ."

"ನಿಮ್ಮ ಕೆಲಸ ಏನು?"

"ಟೈಲರು."

"ನೀವು ಮಿಷನ್ನಲ್ಲಿ ಹೊಲೀತಾ ಇರುವಾಗ ಬಟ್ಟೆ ಎದ್ದು ಕುಣಿದ್ರೆ ಏನಾಗುತ್ತೆ?"

ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸುಮ್ಮನೆ ಎದ್ದು ಗೌನು ಬಿಚ್ಚಿಕೊಟ್ಟೆ. "ಕೆಮ್ಮನ್ನ ಮೊದಲು ನಿಮ್ಮೂರಿನ ಡಾಕ್ಟರಿಗೆ ತೋರಿಸಿ. ಪೂರ್ತಿ ನಿಂತ ಮೇಲೆ ಬನ್ನಿ" ಎಂದು ಕಳಿಸಿದರು.

ಬುದ್ಧಿಯಿದ್ದವನು ಡಾಕ್ಟರಿಗೆ ತೋರಿಸುತ್ತಿದ್ದ. ನಾನು ಊರಿಗೆ ತೋರಿಸಿದೆ! ಅಂಗಡಿಯ ಬಾಗಿಲಲ್ಲಿ ಕುಳಿತು ಕೆಮ್ಮಿದರೆ ಸಾಕು, ದಾರಿಯಲ್ಲಿ ಹೋಗುವವರೆಲ್ಲ ವೈದ್ಯರೇ. ಕಾಳುಮೆಣಸು ಎಂದವರೆಷ್ಟು, ಶುಂಠಿ ಎಂದವರೆಷ್ಟು, ಆಡುಸೋಗೆ ಎಂದವರೆಷ್ಟು. ಮೆಡಿಕಲ್ ಶಾಪಿನಿಂದ ತಂದ ಸಿರಪ್ಪಿನ ಬಾಟಲಿಗಳು ಬೇರೆ. ಗಿರಿಜೆ ಖಾಲಿ ಬಾಟಲಿಗಳನ್ನು ತೊಳೆದು ಕಿಟಕಿಯಲ್ಲಿ ಸಾಲಾಗಿ ಕವುಚಿಡುತ್ತಿದ್ದಳು. ನಮ್ಮ ಮನೆಯಲ್ಲಿ ಖಾಲಿ ಬಾಟಲಿ ಎಸೆಯುವ ಪದ್ಧತಿ ಇಲ್ಲ.

ಕೊನೆಗೆ ನಮ್ಮ ಪಕ್ಕದ ನಗರ ಎಂಬ ಊರಿನ ಕೋಟೆಯಿಂದ ಆಚೆ ಒಂದು ಹಳ್ಳಿಯಲ್ಲಿ ಕೆಮ್ಮಿಗೆ ಬೇರು ಕೊಡುವ ಹಿರಿಯರೊಬ್ಬರಿದ್ದಾರೆಂದು ತಿಳಿದು ಅಲ್ಲಿಗೂ ಹೋದೆ. ನಮ್ಮ ಕಡೆ ನಾಟಿ ಔಷಧಿಗೆ ಅದರದೇ ಕಟ್ಟುನಿಟ್ಟು ಉಂಟು. ಯಾವ ಗಿಡವೆಂದು ಕೇಳಬಾರದು. ಅವರೂ ಹೇಳಬಾರದು. ಹೊರಡುವಾಗ "ಹೋಗಿ ಬರ್ತೀನಿ" ಅನ್ನಲೇಬಾರದು. ಅಂದರೆ ಕಾಯಿಲೆ ಹೊತ್ತು ಮತ್ತೆ ಬರುತ್ತೇವೆ ಎಂದಂತೆ. ಎದ್ದು ಸುಮ್ಮನೆ ನಡೆಯಬೇಕು. ಗಿರಿಜೆ ದಾರಿಯುದ್ದಕ್ಕೂ ಇದನ್ನು ಹತ್ತು ಸಲ ಹೇಳಿಕೊಟ್ಟಿದ್ದಳು. ಹಿರಿಯರು ಬೇರು ತೇದು ಕುಡಿಸಿ, ಮೇಲೆ ಮಜ್ಜಿಗೆ ಕೊಟ್ಟು, ಒಂದು ಪೊಟ್ಟಣ ಕಟ್ಟಿ ಕೈಗಿತ್ತರು. ಅಷ್ಟು ಉಪಚಾರ ಮಾಡಿದವರ ಮುಂದೆ ಮೂಕನಂತೆ ಎದ್ದು ಹೋಗುವುದು ಹೇಗೆ? ನನ್ನ ಬಾಯಿ ಸುಮ್ಮನಿರಲಿಲ್ಲ.

"ಬಹಳ ಉಪಕಾರ ಆಯ್ತು. ಹೋಗ್ಬರ್ತೀನಿ ಹಾಂ!"

ಹಿರಿಯರು ಪೊಟ್ಟಣ ವಾಪಸು ತೆಗೆದುಕೊಂಡರು. "ಇನ್ನು ಇದು ಹಿಡಿಯೋದಿಲ್ಲ ಮಾರಾಯ. ಮಜ್ಜಿಗೆ ಬೇಕಿದ್ರೆ ಇನ್ನೊಂದು ಲೋಟ ಕುಡಿ" ಎಂದರು.

ವಾಪಸು ಬರುವಾಗ ಗಿರಿಜೆ ಬಸ್ಸಿನಲ್ಲಿ ಬೇರೆ ಸೀಟು ಹಿಡಿದಳು.

ಎರಡನೆಯ ಸಲ ತೀರ್ಥಹಳ್ಳಿಗೆ ಹೋದಾಗ ದವಡೆಯಲ್ಲಿ ನಾಲ್ಕು ಕಾಳುಮೆಣಸು, ಒಂದು ಹರಳು ಕಲ್ಲುಸಕ್ಕರೆ ಅಡಗಿಸಿಕೊಂಡು ಮಲಗಿದೆ. ಇದು ಯಾರಿಗೂ ಹೇಳದೆ ನಾನೇ ರೂಪಿಸಿದ ಯೋಜನೆ. ಡಾಕ್ಟರು ಬಗ್ಗಿದರು. ಕೆಮ್ಮು ಬಂತು. ತುಟಿ ಬಿಗಿಹಿಡಿದು ತಡೆದೆ. ತಡೆದ ಕೆಮ್ಮು ಒಳಗೊಳಗೇ ದಾರಿ ಹುಡುಕಿ ಮೂಗಿನಿಂದ ಹೊರಟಿತು. ಮುಖದ ಬಟ್ಟೆ ಸರಿದು ಮೆಣಸು ಬಾಯಿಂದ ಹಾರಿತು. ನನ್ನ ಕಾಲು ತಾನೇ ತಾನಾಗಿ ಮೇಲೆದ್ದು ಸಾಮಾನಿನ ಟ್ರೇಯನ್ನು ಒದೆಯಿತು. ಸ್ಟೀಲಿನ ಟ್ರೇ ನೆಲಕ್ಕೆ ಬಿದ್ದ ಸದ್ದು ತುಂಗಾ ಹೊಳೆಯ ಆಚೆ ದಡದವರೆಗೆ ಕೇಳಿಸಿರಬೇಕು!

ಆ ಡಾಕ್ಟರು ದೇವರಂಥ ಮನುಷ್ಯ. ಬೈಯಲಿಲ್ಲ. ತಮ್ಮ ಮುಖದ ಮೇಲಿಂದ ಒಂದು ಕಾಳುಮೆಣಸು ತೆಗೆದು ಪಕ್ಕಕ್ಕಿಟ್ಟರು. "ಇನ್ನು ಆರು ವಾರಕ್ಕೆ ಒಂದು ದಿನ ಕೊಡ್ತೀನಿ. ಅದಾದ ಮೇಲೆ ನಾನು ನಾಲ್ಕೈದು ತಿಂಗಳು ಈ ಕಡೆ ಬರೋದಿಲ್ಲ. ಕೆಮ್ಮು ಮನೇಲೇ ಬಿಟ್ಟು ಬನ್ನಿ" ಎಂದರು.

ಆರು ವಾರ! ತಪ್ಪಿದರೆ ಜೂನ್ ಹೋಯಿತು, ಯೂನಿಫಾರಂ ಹೋಯಿತು. ಮೊದಲ ಸಲ ನನಗೆ ನಿಜವಾಗಿ ಹೆದರಿಕೆಯಾಯಿತು.

ಆ ವಾರವೇ ಮಗಳು ಅನಿತಾ ರಜೆಗೆ ಬಂದಳು. ಅವಳು ಘಟ್ಟದ ಕೆಳಗೆ ನರ್ಸಿಂಗ್ ಓದುತ್ತಿದ್ದಾಳೆ. ಜೊತೆಗೆ ಒಬ್ಬಳು ಗೆಳತಿಯನ್ನು ಕರೆತಂದಿದ್ದಳು. ಹೆಸರು ಸಿತಿ. ಮಲೇಷ್ಯಾದ ಹುಡುಗಿ, ಡಾಕ್ಟರ್ ಓದಲು ಬಂದವಳು. ತಲೆಗೆ ಚೆಂದದ ಸ್ಕಾರ್ಫ್ ಕಟ್ಟಿಕೊಂಡು, ನಗುನಗುತ್ತ ಒಳಗೆ ಬಂದು, ನನ್ನನ್ನು ನೋಡಿ ಕೈಮುಗಿದು ಕೇಳಿದಳು:

"ಅಜ್ಜ, ಎಷ್ಟು ದಿನದಿಂದ ಕೆಮ್ಮು? ಕಫ ಬರುತ್ತಾ? ಯಾವ ಬಣ್ಣ?"

ನಾನು ತಬ್ಬಿಬ್ಬಾದೆ. ಅನಿತಾ ನಕ್ಕಳು. "ಅಪ್ಪ, ಅವಳು ಕನ್ನಡ ಕಲ್ತಿದ್ದು ಆಸ್ಪತ್ರೆ ವಾರ್ಡಿನಲ್ಲಿ. ರೋಗಿಗಳನ್ನ ಕೇಳೋ ಪ್ರಶ್ನೆ ಮಾತ್ರ ಬರ್ತದೆ."

ಸತ್ಯವಾದ ಮಾತು. ಊಟಕ್ಕೆ ಕುಳಿತಾಗ ಗಿರಿಜೆಯ ಅಡುಗೆ ಹೊಗಳಲು ಹೋಗಿ "ಆಂಟಿ, ಹಸಿವು ಚೆನ್ನಾಗಿದೆ, ವಾಂತಿ ಇಲ್ಲ" ಎಂದಳು. ಗಿರಿಜೆಗೆ ಆ ಹುಡುಗಿಯ ಮೇಲೆ ಅಲ್ಲೇ ಪ್ರೀತಿ ಬಂದುಬಿಟ್ಟಿತು. ನನಗೆ ಮಾತ್ರ ಐವತ್ತೆಂಟಕ್ಕೇ ಅಜ್ಜನಾದದ್ದು ಸ್ವಲ್ಪ ನೋವಾಯಿತು.

ಮಧ್ಯಾಹ್ನ ಸಿತಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು, ಶಾಸ್ತ್ರೋಕ್ತವಾಗಿ ವಿಚಾರಣೆ ನಡೆಸಿದಳು.

"ಉಸಿರು ತಗೊಳ್ಳಿ. ಬಿಡಿ. ಬಿಪಿ ಇದೆಯಾ ಅಜ್ಜ?"

"ಇಲ್ಲ. ಪೂರಾ ನಾರ್ಮಲ್."

"ಯಾವ ಮಾತ್ರೆ ತಗೋತೀರಿ?"

"ಒಂದೂ ಇಲ್ಲ!"

ಇಲ್ಲಿ ಓದುಗರು ನನ್ನನ್ನು ಸುಳ್ಳುಗಾರ ಎಂದು ತಿಳಿಯಬಾರದು. ದಸರಾದಿಂದ ಈಚೆಗೆ ದಿನಾ ಬೆಳಿಗ್ಗೆ ಕಾಫಿಯ ಜೊತೆ ಬಿಪಿಗೆ ಒಂದು ಮಾತ್ರೆ ನುಂಗುತ್ತಿದ್ದೆನಷ್ಟೆ. ಅದನ್ನು ನುಂಗುವುದರಿಂದ ಬಿಪಿ ನಾರ್ಮಲ್ ಆಗಿತ್ತು. ನಾರ್ಮಲ್ ಆದ ಮೇಲೆ ಬಿಪಿ ಇದೆ ಎನ್ನುವುದು ಹೇಗೆ? ಇನ್ನು ದಿನಾ ತೆಗೆದುಕೊಳ್ಳುವುದನ್ನು ಮಾತ್ರೆ ಎಂದು ಯಾರಾದರೂ ಹೇಳುತ್ತಾರೆಯೇ? ಅದು ಕಾಫಿಯ ಒಂದು ಭಾಗ! ಗಿರಿಜೆ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅವಳು ಅಲ್ಲಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಸಿತಿ ಹುಬ್ಬು ಗಂಟಿಕ್ಕಿ "ಡಾಕ್ಟರಿಗೆ ತೋರಿಸಬೇಕು ಅಜ್ಜ" ಎಂದಳು. ನಾನು ಮಾತು ತಿರುಗಿಸಿ ನಿಮ್ಮ ದೇಶದಲ್ಲಿ ಕೆಮ್ಮಿಗೆ ಏನು ಮಾಡುತ್ತಾರೆ ಎಂದು ಕೇಳಿದೆ. ಅವಳ ಮುಖವೇ ಅರಳಿತು. ಅವಳ ಅಜ್ಜಿ ಹಳ್ಳಿಯಲ್ಲಿ ಮನೆಮದ್ದಿಗೆ ಹೆಸರಾದವರಂತೆ. ಕೆಮ್ಮಿದ ಮಕ್ಕಳಿಗೆ ವೀಳ್ಯದೆಲೆಗೆ ಎಣ್ಣೆ ಸವರಿ, ಬಿಸಿ ಮಾಡಿ ಎದೆಗೆ ಇಡುತ್ತಾರಂತೆ. ನಮ್ಮ ಹಿತ್ತಲ ಡಬ್ಬದಲ್ಲಿ ಬೆಳೆದಿದ್ದ ದೊಡ್ಡಪತ್ರೆಯನ್ನು ಮುರಿದು ಮೂಸಿ ನೋಡಿ, ಇದೂ ನಮ್ಮಜ್ಜಿಯ ಅಂಗಳದಲ್ಲಿದೆ ಎಂದು ಕುಣಿದಳು. ಗಿರಿಜೆ ಕೈ ಒರೆಸಿಕೊಳ್ಳುತ್ತ ಬಂದು "ನಮ್ಮಜ್ಜಿನೂ ಹಿಂಗೇ ಮಾಡ್ತಿದ್ರಲ್ಲೇ!" ಎಂದಳು. ಇಬ್ಬರೂ ಸೇರಿ ನನ್ನ ಎದೆಗೆ ಎರಡು ಬಿಸಿ ವೀಳ್ಯದೆಲೆ ಅಂಟಿಸಿದರು. ಸುಖವಾಗಿಯೇ ಇತ್ತು.

ಆದರೆ ಅಜ್ಜಿಯ ಮುಖ್ಯ ಔಷಧಿ ಬೇರೆ. ನಿಂಬೆರಸ ಒಂದು ಚಮಚ, ಅದಕ್ಕೆ ಸೋಯಾದಿಂದ ಮಾಡಿದ ಕಪ್ಪು ಸಿಹಿ ಸಾಸು ಒಂದು ಚಮಚ, ಚೆನ್ನಾಗಿ ಕಲಸಿ ದಿನಕ್ಕೆ ಮೂರು ಸಲ ನೆಕ್ಕುವುದು. ಆ ಸಾಸಿಗೆ ಅವರು ಕಿಚಾಪ್ ಎನ್ನುತ್ತಾರೆ. ಊರು ಬಿಟ್ಟ ಮಲಯ ಮಕ್ಕಳು ಅದೊಂದು ಬಾಟಲಿ ಇಲ್ಲದೆ ಎಲ್ಲೂ ಹೋಗುವುದಿಲ್ಲವಂತೆ. ಸಿತಿ ಬ್ಯಾಗಿನಿಂದ ತನ್ನ ಬಾಟಲಿ ತೆಗೆದು, ಇನ್ನೂ ಮೂರು ತಿಂಗಳು ಅವಳಿಗೆ ಬರಬೇಕಾಗಿದ್ದ ಸಾಸಿನಲ್ಲಿ ಅರ್ಧ ನನಗೆ ಸುರಿದುಕೊಟ್ಟಳು. ಪರದೇಶದ ಹುಡುಗಿ, ಇವತ್ತಷ್ಟೇ ನೋಡಿದ ನೆಂಟಳು, ಇಷ್ಟು ಮಾಡಿದಳಲ್ಲ ಎಂದು ಕೈಮುಗಿದೆ. ಸುರಿಯಲು ಗಿರಿಜೆ ಕೊಟ್ಟದ್ದು ಕಿಟಕಿಯಲ್ಲಿದ್ದ ಖಾಲಿ ಸಿರಪ್ಪಿನ ಬಾಟಲಿ.

ಈಗ ಚೊಗರಿನ ವಿಷಯ ಹೇಳಬೇಕು. ಅಡಿಕೆ ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಮಂದವಾದರೆ ಅದೇ ಚೊಗರು. ಕಡುಗೆಂಪು ಬಣ್ಣ, ನಾಲಿಗೆಗೆ ತಾಗಿದರೆ ನಾಲಿಗೆಯೇ ಮುದುಡುವಷ್ಟು ಒಗರು. ಸಾಗರದ ಕಡೆ ಅದರಲ್ಲಿ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಆ ಬಟ್ಟೆ ಹೊಲಿಸಲು ನನ್ನಲ್ಲಿಗೆ ಬರುವವರಿದ್ದಾರೆ. ಅದಕ್ಕೆ ಹೊಂದುವ ಬಣ್ಣದ ದಾರ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ನಾನು ಬಿಳಿ ದಾರವನ್ನು ಚೊಗರಿನಲ್ಲಿ ಅದ್ದಿ ಒಣಗಿಸಿ ಹೊಲಿಯುತ್ತೇನೆ. ಹೊಸನಗರದಲ್ಲಿ ಈ ವಿದ್ಯೆ ಗೊತ್ತಿರುವ ಟೈಲರು ನಾನೊಬ್ಬನೇ. ಆ ಚೊಗರನ್ನು ಮಿಷನ್ನಿನ ಪಕ್ಕದ ಹಲಗೆಯ ಮೇಲೆ ಇಟ್ಟುಕೊಂಡಿದ್ದೆ. ಯಾವುದರಲ್ಲಿ?

ಖಾಲಿ ಸಿರಪ್ಪಿನ ಬಾಟಲಿಯಲ್ಲಿ!

ಮದ್ದು ಮರೆಯಬಾರದೆಂದು ಸಿತಿಯ ಬಾಟಲಿಯನ್ನೂ ಅದೇ ಹಲಗೆಯ ಮೇಲೆ ತಂದಿಟ್ಟೆ. ಗಿರಿಜೆ ನೋಡಿದಳು. "ರೀ, ಎರಡೂ ಒಂದೇ ನಮ್ನೆ ಕಾಣ್ತದೆ. ಚೀಟಿ ಅಂಟಿಸ್ತೀನಿ ತಡೀರಿ."

"ಚೀಟಿ ಅಂಟಿಸಿದ್ರೆ ಓದೋರು ಯಾರು? ಎಡಗಡೆಯದು ಚೊಗರು, ಬಲಗಡೆಯದು ಮದ್ದು. ಟೈಲರನ ಕೈಗೆ ಗೊತ್ತಾಗ್ತದೆ ಬಿಡು."

ಅನಿತಾ ಮತ್ತು ಸಿತಿ ಬಸ್ಸು ಹತ್ತಿದರು. ಗಿರಿಜೆ ಅಂಗಡಿ ಗುಡಿಸುವಾಗ ಹಲಗೆ ಒರೆಸಿದಳು. ಎರಡು ಬಾಟಲಿ ಎತ್ತಿದಳು, ಎರಡು ಬಾಟಲಿ ಇಟ್ಟಳು. ಅಷ್ಟೇ ನಡೆದದ್ದು.

ನಿಂಬೆರಸ ಕಲಸಿದ ಮೊದಲ ಚಮಚ ನಾಲಿಗೆಗೆ ಬಿದ್ದಾಗ ನನ್ನ ಮುಖ ಹಿಂಡಿದ ಬಟ್ಟೆಯಂತಾಯಿತು. ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಎರಡು ನಿಮಿಷ ಮಾತೇ ಹೊರಡಲಿಲ್ಲ. ಸಿಹಿ ಸಾಸು ಎಂದಿದ್ದಳಲ್ಲ? ಇರಲಿ, ಅವರ ದೇಶದ ಸಿಹಿ ಹೀಗಿರಬಹುದು! ಔಷಧಿ ಎಂದ ಮೇಲೆ ಬಾಯಿಗೆ ಹಿತವಾಗಿರಬೇಕೆಂದು ಎಲ್ಲಿ ಬರೆದಿದೆ? ಆ ಅಜ್ಜಿಯ ಮೊಮ್ಮಕ್ಕಳು ಎಂಥ ಗಟ್ಟಿ ಮಕ್ಕಳಿರಬೇಕು ಎಂದು ಮನಸ್ಸಿನಲ್ಲೇ ನಮಸ್ಕರಿಸಿ ದಿನಕ್ಕೆ ಮೂರು ಸಲ ತಪ್ಪದೆ ಸೇವಿಸಿದೆ.

ಕೆಮ್ಮು ಸ್ವಲ್ಪ ಕಡಿಮೆಯಾದಂತೆಯೂ ಕಂಡಿತು. ಬಾಯಿ ತೆರೆದರಲ್ಲವೇ ಕೆಮ್ಮುವುದು!

"ಎಂಥದ್ರೀ, ಹಲ್ಲೆಲ್ಲ ಕೆಂಪಾಗ್ಯದೆ? ಕದ್ದು ಎಲೆ ಅಡಿಕೆ ಹಾಕ್ತಿದೀರಾ?" ಗಿರಿಜೆ ಕೇಳಿದಳು.

ನಾನು ಮಾತಾಡಲಾಗದೆ ಬಾಟಲಿಯತ್ತ ಕೈ ತೋರಿಸಿ ತಲೆಯಾಡಿಸಿದೆ. ಮಲೇಷ್ಯಾದ ಮದ್ದಿಗೆ ಹಲ್ಲು ಕೆಂಪಾಗುತ್ತದೆ ಎಂದು ಅವಳು ಅರ್ಥ ಮಾಡಿಕೊಂಡಳು. ಪಕ್ಕದ ಮನೆಯವರಿಗೂ ಹಾಗೆಯೇ ತಿಳಿಸಿದಳು.

ಅದೇ ಹೊತ್ತಿಗೆ ಸುಮಿತ್ರಾ ಟೀಚರ ಕುರ್ತಾ ಹೊಲಿಯುವುದಿತ್ತು. ಅವರು ಸಾಗರದ ಕಡೆಯ ಶಾಲೆಯಲ್ಲಿ ಪಾಠ ಮಾಡುವವರು, ನನ್ನ ಇಪ್ಪತ್ತು ವರ್ಷದ ಗಿರಾಕಿ. ಚೊಗರಿನ ಬಣ್ಣದ ಒಳ್ಳೆಯ ಕೈಮಗ್ಗದ ಬಟ್ಟೆ ಕೊಟ್ಟಿದ್ದರು. ಶಾಲೆಯ ವಾರ್ಷಿಕೋತ್ಸವದಲ್ಲಿ ಸ್ವಾಗತ ಭಾಷಣ ಅವರದೇ. ಅದಕ್ಕೆ ತೊಡಲು. ನಾನು ಬಟ್ಟಲಿಗೆ ಬಾಟಲಿ ಬಗ್ಗಿಸಿ, ದಾರ ಅದ್ದಿ, ಹಗ್ಗದ ಮೇಲೆ ಒಣಗಹಾಕಿದೆ. ದಾರ ಯಾಕೋ ಒಣಗಲೇ ಇಲ್ಲ. ನೊಣಗಳು ಬಂದು ಕುಳಿತವು. ಹೊಲಿಯುವಾಗ ದಾರ ಸೂಜಿಗೆ ಅಂಟಿ ಮಿಷನ್ ನಿಂತು ನಿಂತು ಓಡಿತು. ಮಿಷನ್ನಿಗೆ ಎಣ್ಣೆ ಬಿಟ್ಟೆ. ಕೊನೆಗೆ ಇಸ್ತ್ರಿ ಹಾಕಿದಾಗ ಅಂಗಡಿಯ ತುಂಬ ಒಂದು ಘಮ ಎದ್ದಿತು.

ಗಿರಿಜೆ ಒಳಗಿನಿಂದ ಕೂಗಿದಳು: "ರೀ, ಎಲ್ಲೋ ಗೋಬಿ ಮಂಚೂರಿ ಮಾಡ್ತಿದಾರೆ!"

"ಬಸ್ ಸ್ಟ್ಯಾಂಡ್ ಹತ್ರ ಇರ್ಬೇಕು" ಎಂದು ಕೂಗಲು ಹೋದೆ. ನಾಲಿಗೆ ಏಳಲಿಲ್ಲ.

ಕುರ್ತಾ ಸಾಗರದ ಬಸ್ಸಿನಲ್ಲಿ ಹೋಯಿತು. ಮೂರನೆಯ ದಿನ ಅದೇ ಬಸ್ಸಿನಲ್ಲಿ ಸುಮಿತ್ರಾ ಟೀಚರು ಬಂದರು. ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಕವರು.

"ಕೂತ್ಕಳಿ ಟೀಚರ್. ಫಂಕ್ಷನ್ ಹೆಂಗಾಯ್ತು?"

"ಚೆನ್ನಾಗಾಯ್ತು. ಸ್ವಾಗತ ಅಂತ ಶುರು ಮಾಡಿದೆ. ಕುತ್ತಿಗೆ ಹತ್ರ ಏನೋ ಹರಿದ ಹಂಗಾಯ್ತು. ಆಮೇಲೆ ಹೆಗಲ ಹತ್ರ. ಆಮೇಲೆ ಕಂಕುಳ ಹತ್ರ. ಮುಖ್ಯ ಅತಿಥಿಗಳ ಹೆಸರು ಹೇಳೋ ಹೊತ್ತಿಗೆ ನಾನು ವೇದಿಕೆ ಮೇಲೆ ಕುಣೀತಾ ಇದ್ದೆ. ಮಕ್ಕಳು ಡ್ಯಾನ್ಸ್ ಶುರುವಾಯ್ತು ಅಂತ ಚಪ್ಪಾಳೆ ತಟ್ಟಿದ್ರು."

"ಏನಾಗಿತ್ತು ಟೀಚರ್?"

ಅವರು ಕವರಿನ ಗಂಟು ಬಿಚ್ಚಿ ಕುರ್ತಾವನ್ನು ಮೇಜಿನ ಮೇಲೆ ಹರಡಿದರು. ನಾನು ಬಗ್ಗಿ ನೋಡಿದೆ. ಹೊಲಿಗೆಯ ಗುಂಟ ಕಪ್ಪು ಅಂಚು ಕಂಡಿತು. ನಾನು ಅಂಚು ಇಟ್ಟಿರಲಿಲ್ಲವಲ್ಲ! ಬೆರಳಿಟ್ಟೆ. ಅಂಚು ನನ್ನ ಕೈ ಹತ್ತಿತು.

ಗಿರಿಜೆ ಓಡಿಬಂದಳು. "ಅಯ್ಯೋ ದೇವ್ರೇ, ಇರುವೆ! ಹೊಲಿಗೆ ಹಾಕಿದಲ್ಲೆಲ್ಲ ಇರುವೆ ಸಾಲು!" ಕುರ್ತಾದ ಸಾಲು ನೋಡಿ, ನನ್ನ ಕೆಂಪು ಹಲ್ಲು ನೋಡಿ, ಹಲಗೆಯ ಮೇಲಿನ ಬಾಟಲಿ ನೋಡಿದಳು. ಎಡಗಡೆಯ ಬಾಟಲಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಸಿಹಿ! ಬಲಗಡೆಯದಕ್ಕೆ ಮುಟ್ಟಿಸಿದಳು. ಅವಳ ಮುಖವೂ ಹಿಂಡಿದ ಬಟ್ಟೆಯಾಯಿತು.

"ಹತ್ತು ದಿನದಿಂದ ಚೊಗರು ಕುಡೀತಿದೀರೇನ್ರೀ!"

ಸುಮಿತ್ರಾ ಟೀಚರು ಮೊದಲು ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ತಡೆಯಲಾಗದೆ ಕುರ್ಚಿಯ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಮಾರಾಯ್ರೆ, ಕುರ್ತಾ ಹೋದ್ರೆ ಹೋಗ್ಲಿ. ಈ ಕಥೆಗೆ ಇನ್ನೊಂದು ಕುರ್ತಾ ಬೇಕಾದ್ರೂ ಕೊಡ್ತೀನಿ" ಎಂದರು. ಬೇರೆಯವರಾಗಿದ್ದರೆ ಬಟ್ಟೆಯ ಜೊತೆ ನನ್ನನ್ನೂ ಬಿಸಿಲಿಗೆ ಒಣಗಹಾಕುತ್ತಿದ್ದರು.

ಗಿರಿಜೆ ತಕ್ಷಣ ಅನಿತಾಳಿಗೆ ಫೋನು ಹಚ್ಚಿದಳು. ಚೊಗರು ಕುಡಿದದ್ದರಿಂದ ನನಗೇನಾದರೂ ಆದರೆ ಎಂಬ ಭಯ ಅವಳಿಗೆ. ವಿಡಿಯೋದಲ್ಲಿ ಸಿತಿಯೂ ಬಂದಳು. ನಡೆದದ್ದನ್ನು ಅನಿತಾ ಇಂಗ್ಲಿಷಿನಲ್ಲಿ ವಿವರಿಸಿದಳು. ಆಚೆಯಿಂದ ಇಬ್ಬರೂ ಬಿದ್ದು ಬಿದ್ದು ನಗುವ ಸದ್ದು ಬಂತು. ನಕ್ಕು ಮುಗಿದ ಮೇಲೆ ಸಿತಿ ಕೇಳಿದಳು: "ಅಜ್ಜ, ತಲೆ ಸುತ್ತು ಇದೆಯಾ? ಹೊಟ್ಟೆ ನೋವು ಇದೆಯಾ?"

"ಅದೆಲ್ಲ ಇಲ್ಲ ಮಗ" ಗಿರಿಜೆಯೇ ಉತ್ತರಿಸಿದಳು. "ಬೆಳಿಗ್ಗೆ ಬಿಪಿ ಮಾತ್ರೆ ತಗಂಡು ಸ್ವಲ್ಪ ಹೊತ್ತಾದ ಮೇಲೆ ಕೆಮ್ತಾರೆ, ಅಷ್ಟೇ."

ಆಚೆಯ ನಗು ಥಟ್ಟನೆ ನಿಂತಿತು.

"ಬಿಪಿ ಮಾತ್ರೆ? ಯಾವ ಮಾತ್ರೆ? ತೋರಿಸಿ."

ಗಿರಿಜೆ ಮಾತ್ರೆಯ ಹಾಳೆ ತಂದು ಫೋನಿನ ಮುಂದೆ ಹಿಡಿದಳು. ಸಿತಿ ಓದಿದಳು. ಅವಳಿಗೆ ಗೊತ್ತಿದ್ದ ಕನ್ನಡವೆಲ್ಲ ಒಮ್ಮೆಲೇ ಮುಗಿದುಹೋಗಿ ಮಲಯ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಏನೇನೋ ಹೇಳತೊಡಗಿದಳು. ಅನಿತಾ ಕನ್ನಡಕ್ಕೆ ತಂದಳು: "ಅಪ್ಪ! ಈ ಜಾತಿಯ ಬಿಪಿ ಮಾತ್ರೆಯಿಂದ ಕೆಲವರಿಗೆ ಒಣಕೆಮ್ಮು ಬರ್ತದಂತೆ! ನೀನು ಮಾತ್ರೆ ತಗೊಳಲ್ಲ ಅಂದ್ಯಲ್ಲ! ನೀನಾಗಿ ನಿಲ್ಲಿಸ್ಬೇಡ, ಇವತ್ತೇ ಹೋಗಿ ಡಾಕ್ಟರ್ ಹತ್ರ ಕೇಳು. ಮತ್ತೆ ಇನ್ನೊಂದು ಹೇಳ್ತಿದಾಳೆ. ಆ ಸಾಸಲ್ಲಿ ತುಂಬಾ ಉಪ್ಪಿರ್ತದೆ. ಬಿಪಿ ಇದೆ ಅಂತ ಗೊತ್ತಿದ್ರೆ ಅವಳು ಕೊಡ್ತಾನೇ ಇರ್ಲಿಲ್ಲ!"

ಅಂದರೆ, ನಾನು ಸರಿಯಾದ ಔಷಧಿ ಕುಡಿದಿದ್ದರೆ ಬಿಪಿ ಏರುತ್ತಿತ್ತು. ತಪ್ಪು ಔಷಧಿ ಕುಡಿದದ್ದರಿಂದ ಬದುಕಿದೆ. ನನ್ನ ಪಾಲಿನ ಉಪ್ಪನ್ನು ಸಾಗರದ ಇರುವೆಗಳು ತಿಂದಿದ್ದವು!

ಅವತ್ತೇ ಸಂಜೆ ನಮ್ಮೂರಿನ ಡಾಕ್ಟರಲ್ಲಿಗೆ ಹೋದೆ. ಅವರು ಹಾಳೆ ನೋಡಿ ಹಣೆ ಚಚ್ಚಿಕೊಂಡರು. "ದಸರಾದಲ್ಲಿ ಈ ಮಾತ್ರೆ ಬರ್ಕೊಡುವಾಗಲೇ ಹೇಳಿರ್ಲಿಲ್ವಾ, ಕೆಮ್ಮು ಬಂದ್ರೆ ತಕ್ಷಣ ಬನ್ನಿ, ಬದಲಾಯಿಸ್ತೀನಿ ಅಂತ?"

ಹೇಳಿದ್ದರು. ಆಗ ನಾನು ಅವರ ಅಂಗಿಯ ಕಾಲರು ಯಾರು ಹೊಲಿದದ್ದೆಂದು ಯೋಚಿಸುತ್ತಿದ್ದೆ.

ಮಾತ್ರೆ ಬದಲಾಯಿತು. ವಾರ ಕಳೆಯಿತು, ಕೆಮ್ಮು ಗಂಟೆಗೆ ಹತ್ತಕ್ಕಿಳಿಯಿತು. ಎರಡನೆಯ ವಾರ ಎರಡಕ್ಕೆ. ಮೂರನೆಯ ವಾರ ಒಂದು ಬೆಳಿಗ್ಗೆ ಗಿರಿಜೆ ಗಾಬರಿಯಿಂದ ನನ್ನನ್ನು ಅಲ್ಲಾಡಿಸಿ ಎಬ್ಬಿಸಿದಳು. ಸದ್ದೇ ಇಲ್ಲವಲ್ಲ, ಉಸಿರಾಡುತ್ತಿದ್ದೇನೋ ಇಲ್ಲವೋ ಎಂದು ನೋಡಿದಳಂತೆ! ಆಗ ಇಬ್ಬರೂ ಹಾಸಿಗೆಯ ಮೇಲೆ ಕುಳಿತು ಸುಮ್ಮನೆ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಂದರೆ ಅವಳು ನೋಡಿದಳು, ನಾನು ಅವಳಿದ್ದ ದಿಕ್ಕಿಗೆ ಮುಖ ಮಾಡಿದೆ.

ಮೂರನೆಯ ಸಲ ತೀರ್ಥಹಳ್ಳಿಯ ಆ ಮೇಜಿನ ಮೇಲೆ ಮಲಗಿದಾಗ ಡಾಕ್ಟರು ಮೊದಲು ಟ್ರೇಯನ್ನು ನನ್ನ ಕಾಲಿನಿಂದ ದೂರ ಸರಿಸಿದರು. ಬಾಯಿ ತೆರೆಸಿ ನೋಡಿದರು. "ಎಲೆ ಅಡಿಕೆ ಜಾಸ್ತಿ ಆಯ್ತು ಯಜಮಾನ್ರೇ" ಎಂದರು. ವಿವರಿಸಲು ಹೋಗಲಿಲ್ಲ. ವಿವರಿಸಿದ್ದರೆ ನಗುವಿಗೆ ಅವರ ಕೈ ನಡುಗುತ್ತಿತ್ತು, ಕಣ್ಣು ನನ್ನದು! ಹದಿನೈದು ನಿಮಿಷ. ಒಂದು ಕೆಮ್ಮಿಲ್ಲ. ಮುಗಿಯಿತು.

ಮರುದಿನ ಕಟ್ಟು ಬಿಚ್ಚಿದರು. ಏನು ಹೇಳಲಿ! ನೀಲಿ ಇಷ್ಟು ನೀಲಿಯಾಗಿರುತ್ತದೆಂದು ಮರೆತೇಹೋಗಿತ್ತು. ಗಿರಿಜೆಯ ತಲೆಯಲ್ಲಿ ಬಿಳಿ ಕೂದಲು ಎಷ್ಟು ಬಂದಿದೆ ಎಂದು ಕಂಡಿತು. ಅವುಗಳಲ್ಲಿ ಅರ್ಧಕ್ಕೆ ನಾನೇ ಕಾರಣ. ಬಸ್ಸಿನಲ್ಲಿ ಬರುವಾಗ ಮೈಲಿಗಲ್ಲು, ಅಂಗಡಿಯ ಬೋರ್ಡು, ಎಲ್ಲವನ್ನೂ ಗಟ್ಟಿಯಾಗಿ ಓದುತ್ತ ಬಂದೆ. ಎದುರು ಸೀಟಿನವರು ಪಾಪದವನು ಎಂಬಂತೆ ನೋಡಿದರು. ನನಗೆ ಎಲ್ಲರ ಕಾಲಿಗೆ ಬೀಳಬೇಕೆನಿಸುತ್ತಿತ್ತು. ಆ ಕಣ್ಣಿನ ಡಾಕ್ಟರು, ಸಿತಿ, ನೋಡೇ ಇಲ್ಲದ ಅವಳ ಅಜ್ಜಿ, ಮಾನ ಹೋದರೂ ನಕ್ಕ ಸುಮಿತ್ರಾ ಟೀಚರು. ಸಿತಿಗೆ ಫೋನಿನಲ್ಲಿ ಉಪಕಾರ ಹೇಳಲು ಹೋದರೆ ಅಳುವೇ ಬಂತು. "ಅಜ್ಜ, ಕಣ್ಣಿಗೆ ನೀರು ತಾಗಿಸಬಾರದು!" ಎಂದು ಆ ಹುಡುಗಿ ಗದರಿದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು.

ಕೆಲವು ದಿನ ಬಿಟ್ಟು, ಡಾಕ್ಟರು ಹೂಂ ಎಂದ ಮೇಲೆ ಅಂಗಡಿ ಬಾಗಿಲು ತೆರೆದೆ. ನೋಡಿದರೆ ಹೊರಗೆ ಜನವೋ ಜನ! ನನ್ನ ಅಂಗಡಿಯ ಮೆಟ್ಟಿಲಿನಿಂದ ಹಿಡಿದು ಪಕ್ಕದ ಕಿರಾಣಿ ಅಂಗಡಿ ದಾಟಿ ಸಾಲು ನಿಂತಿದೆ. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಕವರು. ಆಪರೇಷನ್ ಆದವನನ್ನು ನೋಡಲು ಹಣ್ಣು ಹಿಡಿದು ಬಂದಿದ್ದಾರೆ! ಒಬ್ಬ ಬಡ ಟೈಲರನ ಮೇಲೆ ಊರಿಗೆ ಇಷ್ಟು ಪ್ರೀತಿಯೇ ಎಂದು ಎದೆ ತುಂಬಿ ಬಂತು. "ಯಾಕೆ ಇದೆಲ್ಲ ತರೋಕೆ ಹೋದ್ರಿ" ಎನ್ನುತ್ತ ಮೊದಲು ನಿಂತಿದ್ದ ಕಿರಾಣಿ ಅಂಗಡಿಯ ನಾಗಪ್ಪಣ್ಣನ ಕವರು ಇಸಿದುಕೊಂಡು ಬಿಚ್ಚಿದೆ.

ಒಳಗೊಂದು ಅಂಗಿ. ಒಂದು ಕಿಸೆ ಎದೆಯ ಮೇಲೆ, ಇನ್ನೊಂದು ಹೊಟ್ಟೆಯ ಮೇಲೆ.

"ಯಾವ ದರಿದ್ರದವನು ಹೊಲಿದದ್ದು ಇದು!" ಎಂದೆ.

ನಾಗಪ್ಪಣ್ಣ ಅಂಗಿ ವಾಪಸು ಇಸಿದುಕೊಂಡ. ಕಾಲರು ಮಗುಚಿ ತೋರಿಸಿದ. ಅಲ್ಲಿ ನನ್ನದೇ ಅಂಗಡಿಯ ಚೀಟಿ ಇತ್ತು, ತಲೆಕೆಳಗಾಗಿ.

"ಬೇರೆ ಟೈಲರ್ ಹತ್ರ ಹೋಗ್ಬಹುದಿತ್ತಲ್ಲ ನೀನು?" ಎಂದು ಕೇಳಿದೆ.

"ಹೋದ್ರೆ ನಿಮ್ಗೆ ಬೇಜಾರಾಗ್ತದಲ್ಲ ಅಣ್ಣ" ಎಂದ. "ಕಣ್ಣು ಸರಿ ಆಗ್ಲಿ, ಆಮೇಲೆ ಹೇಳಿದ್ರಾಯ್ತು ಅಂತ ಎಲ್ಲ ಮಾತಾಡ್ಕಂಡಿದ್ವಿ. ಎರಡು ವರ್ಷ ಕಾದ್ವಿ, ಮತ್ತೆಂತದು?"

ಅವನ ಹಿಂದೆ ಒಂದು ಕಾಲು ಗಿಡ್ಡದ ಪ್ಯಾಂಟು. ಅದರ ಹಿಂದೆ ತಲೆ ತೂರದ ಕುತ್ತಿಗೆಯ ಫ್ರಾಕು. ಅದರ ಹಿಂದೆ ಯಾವುದು ಮುಂದೆ ಯಾವುದು ಹಿಂದೆ ಎಂದು ತಿಳಿಯದ ಜುಬ್ಬ. ಎರಡು ವರ್ಷ ಇವನ್ನೆಲ್ಲ ತೊಟ್ಟುಕೊಂಡು ಇದೇ ಜನ ನನ್ನ ಮುಂದೆ ನಿಂತು, ಟೈಲರನ ಕಣ್ಣು ಬೆರಳ ತುದಿಯಲ್ಲಿದೆ ಎಂದಾಗಲೆಲ್ಲ ತಲೆಯಾಡಿಸಿದ್ದರು! ನಾನು ಒಬ್ಬೊಬ್ಬರ ಕವರನ್ನೂ ಎರಡು ಕೈಯಲ್ಲಿ ಇಸಿದುಕೊಂಡೆ. ಬೇರೇನು ಮಾಡಲಿ?

ಸಾಲಿನ ಕೊನೆಯಲ್ಲಿ ಗಿರಿಜೆ ನಿಂತಿದ್ದಳು. ಅವಳ ಕೈಯಲ್ಲಿ ಕವರು ಇರಲಿಲ್ಲ. ಸೂಟ್‌ಕೇಸು ಇತ್ತು. ತವರಿಗೇ ಹೊರಟಳೋ ಎಂದುಕೊಂಡೆ. ಅವಳು ಅದನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಮೇಲಿನಿಂದ ಕೆಳಗಿನವರೆಗೆ ಬ್ಲೌಸು!

"ನಂದೇನು ಅರ್ಜೆಂಟಿಲ್ಲ" ಎಂದಳು. "ದೀಪಾವಳಿಗೆ ಕೊಟ್ರೆ ಸಾಕು."